ಒಂದು ಪಾಯಿಂಟ್ ನೀವು, ಒಂದು ಪಾಯಿಂಟ್ ನಾನು

ಕೇಳುಗರಿಗೆ ನಮಸ್ಕಾರ.

ನೌಕರಿ, ಸಂಸಾರ, ಪುಟ್ಟ ಮಗು ಮೂರೂ ಇರುವವರು ಯಾವ ಆಟ ಆಡಬಹುದು ಎಂದು ಕೇಳಿದರೆ ಹೆಚ್ಚಿನವರು ಷಟಲ್ ಎನ್ನುತ್ತಾರೆ. ಉಳಿದವರು ವಾಕಿಂಗ್ ಎನ್ನುತ್ತಾರೆ, ಅದು ಆಟವೇ ಅಲ್ಲದಿದ್ದರೂ. ನಾನು ಅಲ್ಟಿಮೇಟ್ ಫ್ರಿಸ್ಬೀ ಎನ್ನುತ್ತೇನೆ. ಕಡಲತೀರದಲ್ಲಿ ನಾಯಿಗೆ ತಟ್ಟೆ ಎಸೆದು ಆಡಿಸುವುದಲ್ಲವೇ ಎಂದು ಕೇಳಿದವರು ನಗುತ್ತಾರೆ. ಅದಲ್ಲ.

ನೂರು ಮೀಟರ್ ಉದ್ದ, 37 ಮೀಟರ್ ಅಗಲದ ಮೈದಾನ. ಎರಡು ತುದಿಗಳಲ್ಲೂ 18 ಮೀಟರ್ ಆಳದ ಎಂಡ್ ಜೋನ್. ತಂಡಕ್ಕೆ ಏಳು ಜನ. 175 ಗ್ರಾಂ ತೂಗುವ ಪ್ಲಾಸ್ಟಿಕ್ ಡಿಸ್ಕನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತ ಹೋಗಿ, ಎದುರಿನ ಎಂಡ್ ಜೋನಿನಲ್ಲಿ ಯಾರಾದರೂ ಹಿಡಿದರೆ ಒಂದು ಪಾಯಿಂಟ್. ಡಿಸ್ಕ್ ಕೈಯಲ್ಲಿರುವವರು ಓಡುವಂತಿಲ್ಲ. ನೆಲಕ್ಕೆ ಬಿದ್ದರೆ ಅದು ಎದುರಾಳಿಗಳ ಪಾಲು. ಮೊದಲು 15 ಮುಟ್ಟಿದ ತಂಡ ಗೆದ್ದಂತೆ ಎಂದು ನಿಯಮ ಹೇಳುತ್ತದೆ. ನಮ್ಮಂಥ ಭಾನುವಾರದ ಆಟಗಾರರಿಗೆ ಬಿಸಿಲೇರಿದಾಗ ಆಟ ಮುಗಿಯುತ್ತದೆ.

1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಎಂಬ ಊರಿನ ಹೈಸ್ಕೂಲು ಹುಡುಗರು ಹುಟ್ಟುಹಾಕಿದ ಆಟ ಇದು. ಶಾಲೆಯ ವಾಹನ ನಿಲ್ಲಿಸುವ ಜಾಗವೇ ಅವರಿಗೆ ಮೈದಾನವಾಗಿತ್ತು. ಇಂದು ಬೆಂಗಳೂರಿನಲ್ಲೂ ಚೆನ್ನೈಯಲ್ಲೂ ಇದನ್ನು ಆಡುವ ತಂಡಗಳಿವೆ. ಚೆನ್ನೈಯವರಿಗೆ ಕಡಲಿದೆ; ಮರಳಿನ ಮೇಲೆ ಐದೈದು ಜನ, ಬರಿಗಾಲಿನಲ್ಲಿ. ನಮಗೆ ಸಿಗುವುದು ಒಂದೇ ಮೈದಾನದಲ್ಲಿ ನಾಲ್ಕಾರು ಕ್ರಿಕೆಟ್ ಪಂದ್ಯಗಳ ನಡುವೆ ಉಳಿದ ಒಂದು ಮೂಲೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೃತಕ ಹುಲ್ಲಿನ ಅಂಕಣಗಳಿವೆ ನಿಜ, ಆದರೆ ಅವು ಫುಟ್‌ಬಾಲಿಗೆಂದು ಕತ್ತರಿಸಿಟ್ಟವು. ಉದ್ದನೆಯ ಒಂದು ಎಸೆತ ಎಸೆದರೆ ಡಿಸ್ಕ್ ಬಲೆಯ ಆಚೆ.

ಸಂಸಾರಸ್ಥರಿಗೆ ಈ ಆಟ ಒಗ್ಗುವುದಕ್ಕೆ ಕಾರಣ ಅದರ ನಿಯಮದಲ್ಲಿಯೇ ಇದೆ. ಪ್ರತಿ ಪಾಯಿಂಟಿನ ನಂತರ ಎಷ್ಟು ಜನರನ್ನು ಬೇಕಾದರೂ ಬದಲಾಯಿಸಬಹುದು, ಎಷ್ಟು ಸಲ ಬೇಕಾದರೂ. ಫುಟ್‌ಬಾಲಿನ ಹಾಗೆ ಹೊರಗೆ ಬಂದವರು ಬಂದಂತೆಯೇ ಅಲ್ಲ. ನಾನೂ ನನ್ನ ಪತಿಯೂ ಇಬ್ಬರೂ ಆಡುತ್ತೇವೆ, ಮಗಳಿಗೆ ಮೂರು ವರ್ಷ. ಅವರು ಒಂದು ಪಾಯಿಂಟ್, ನಾನು ಒಂದು ಪಾಯಿಂಟ್. ಗೆರೆಯಾಚೆ ಚಾಪೆ, ನೀರಿನ ಬಾಟಲಿ, ಬಿಡಿಸಿಟ್ಟ ಕಿತ್ತಳೆ, ಅದರ ಪಕ್ಕ ಮಗಳು. ಎಂಡ್ ಜೋನಿನಲ್ಲಿ ಕೇಕೆ ಕೇಳಿದ ಕೂಡಲೇ ನಾನು ಲೇಸು ಬಿಗಿದು ಏಳುತ್ತೇನೆ, ಅವರು ಬೆವರೊರೆಸಿಕೊಳ್ಳುತ್ತ ಬಂದು ಚಾಪೆಯ ಮೇಲೆ ಕೂರುತ್ತಾರೆ. ಮಾತಿಗೆ ಸಮಯವಿಲ್ಲ, ಕಿತ್ತಳೆಯ ಬೀಜ ತೆಗೆದಿದೆಯೇ ಇಲ್ಲವೇ ಎಂಬಷ್ಟು ವರದಿ ಸಾಕು. ಕೆಲವೊಮ್ಮೆ ಒಂದು ಪಾಯಿಂಟ್ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಡಿಸ್ಕ್ ಅತ್ತಿತ್ತ ಕೈತಪ್ಪುತ್ತ ಹತ್ತು ನಿಮಿಷ ಎಳೆಯುತ್ತದೆ. ಉದ್ದನೆಯ ಪಾಯಿಂಟುಗಳೆಲ್ಲ ನನ್ನ ಸರದಿಯಲ್ಲಿಯೇ ಬರುತ್ತವೆ ಎಂಬುದು ಪತಿಯ ದೂರು. ಬೀಳುವ ಡಿಸ್ಕುಗಳಲ್ಲಿ ನನ್ನ ಪಾಲೆಷ್ಟು ಎಂದು ಅವರು ಈವರೆಗೆ ಕೇಳಿಲ್ಲ.

ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುವ ವಿಭಾಗ ಅಲ್ಟಿಮೇಟಿನಲ್ಲಿ ವಿನೋದಕ್ಕೆ ಸೇರಿಸಿದ್ದಲ್ಲ, ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೂ ಇದೆ. ಏಳರಲ್ಲಿ ನಾಲ್ವರು ಗಂಡಸರು, ಮೂವರು ಹೆಂಗಸರು, ಇಲ್ಲವೇ ನಾಲ್ವರು ಹೆಂಗಸರು, ಮೂವರು ಗಂಡಸರು. ಲೆಕ್ಕ ಕೇಳಲು ಸರಳ. ಆದರೆ ಬೆಳಗಿನ ಆರಕ್ಕೆ ಮೈದಾನದಲ್ಲಿರಬೇಕಾದ ಮೂವರು ಹೆಂಗಸರು ಎಂದರೆ, ಮೂರು ಮನೆಗಳಲ್ಲಿ ಶನಿವಾರ ಸಂಜೆಯೇ ಇಡ್ಲಿ ಹಿಟ್ಟು ರುಬ್ಬಿಟ್ಟಿರಬೇಕು, ಇಲ್ಲವೇ ಭಾನುವಾರದ ತಿಂಡಿ ಬೇರೆ ಯಾರೋ ಮಾಡಬೇಕು. ಗಂಡಸರ ಪಟ್ಟಿಯಲ್ಲಿ ಹದಿನೈದು ಹೆಸರು ಬಿದ್ದ ದಿನವೂ ನಮ್ಮ ಪಟ್ಟಿಯಲ್ಲಿ ಎರಡೇ ಇರುವುದುಂಟು. ಆ ಎರಡನೆಯ ಹೆಸರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರೆ ಆಟದ ಸ್ವರೂಪವೇ ಬದಲಾಗುತ್ತದೆ. ಮೊಬೈಲಿನ ಗುಂಪಿನಲ್ಲಿ ‘ಬರುತ್ತೇನೆ’ ಎಂದು ಒತ್ತಿ ಹೊದ್ದು ಮಲಗುವವರ ಮೇಲೆ ನನಗೆ ಇರುವ ಸಿಟ್ಟು ಸಣ್ಣದಲ್ಲ. ಮಳೆಗಾಲದಲ್ಲಿ ಅವರ ಸಂಖ್ಯೆ ಹೆಚ್ಚುತ್ತದೆ, ಮಳೆ ಬಾರದಿದ್ದರೂ.

ಇನ್ನು ಅಂಪೈರ್. ಈ ಆಟದಲ್ಲಿ ಅವರಿಲ್ಲ. ಅಮೆರಿಕದ ವೃತ್ತಿಪರ ಲೀಗಿನಲ್ಲಿ ರೆಫರಿಗಳಿದ್ದಾರೆ, ಆದರೆ ಜಾಗತಿಕ ಒಕ್ಕೂಟದ ನಿಯಮದಲ್ಲಿ ವಿಶ್ವಕಪ್ಪಿನ ಫೈನಲ್ ಆದರೂ ತೀರ್ಪು ಆಟಗಾರರದೇ. ಡಿಸ್ಕ್ ಹಿಡಿದವರ ಎದುರು ಮೂರು ಮೀಟರಿನೊಳಗೆ ನಿಂತ ಎದುರಾಳಿ ‘ಸ್ಟಾಲಿಂಗ್’ ಎಂದು ಶುರು ಮಾಡಿ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾರೆ. ಹತ್ತು ಎನ್ನುವ ಮೊದಲು ಡಿಸ್ಕ್ ಕೈ ಬಿಡಬೇಕು. ಗಡಿಯಾರವೂ ಎದುರಾಳಿಯ ನಾಲಿಗೆಯೇ. ಯಾರಾದರೂ ಮೈಮೇಲೆ ಬಿದ್ದರೆ ಬಿದ್ದವರ ಎದುರಿಗೇ ‘ಫೌಲ್’ ಎನ್ನಬೇಕು. ಅವರು ಒಪ್ಪದಿದ್ದರೆ ಇಬ್ಬರೂ ತಮಗೆ ಕಂಡದ್ದನ್ನು ಹೇಳುತ್ತಾರೆ, ಒಮ್ಮತ ಬರದಿದ್ದರೆ ಡಿಸ್ಕ್ ಎಸೆದವರ ಕೈಗೇ ಮರಳುತ್ತದೆ, ಆಟ ಮತ್ತೆ ಅಲ್ಲಿಂದಲೇ. ಮುಗಿದ ಮೇಲೆ ಎರಡೂ ತಂಡದವರು ಬೆರೆತು, ಹೆಗಲ ಮೇಲೆ ಕೈಹಾಕಿ ವೃತ್ತವಾಗಿ ನಿಂತು ಮಾತಾಡುತ್ತಾರೆ. ಟೂರ್ನಿಗಳಲ್ಲಿ ಒಂದು ತಂಡ ಇನ್ನೊಂದರ ನಡತೆಗೆ ಇಪ್ಪತ್ತಕ್ಕೆ ಅಂಕ ಕೊಡುತ್ತದೆ, ನಿಯಮದ ತಿಳಿವಳಿಕೆಗೆ, ಮೈತಾಕಿಸದೆ ಆಡಿದ್ದಕ್ಕೆ, ಮಾತಿನ ರೀತಿಗೆ, ಹೀಗೆ. ಹಾಗೆಂದು ಎಲ್ಲರೂ ಸಾಧುಗಳಾಗುತ್ತಾರೆ ಎಂದುಕೊಳ್ಳಬೇಡಿ. ಹತ್ತರವರೆಗೆ ಎಣಿಸುವಾಗ ನಾಲ್ಕಾದ ಮೇಲೆ ನೇರ ಏಳಕ್ಕೆ ಹಾರುವ ನಾಲಿಗೆಗಳನ್ನೂ ನಾನು ಬಲ್ಲೆ.

ಆಟದಿಂದ ಕಚೇರಿಯ ಕೆಲಸ ಚುರುಕಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೇನೂ ಆಗಿಲ್ಲ. ಸೋಮವಾರ ಮೆಟ್ಟಿಲಿಳಿಯುವಾಗ ತೊಡೆಗಳು ಭಾನುವಾರವನ್ನು ನೆನಪಿಸುತ್ತವೆ, ಅಷ್ಟೇ. ಓಟದ ನಡುವೆ ಗಕ್ಕನೆ ದಿಕ್ಕು ಬದಲಿಸುವ ಆಟವಾದ್ದರಿಂದ ಮಂಡಿ, ಹಿಮ್ಮಡಿ, ತೊಡೆಯ ಹಿಂಭಾಗದ ಸ್ನಾಯು, ಎಲ್ಲವಕ್ಕೂ ಕುತ್ತು. ಬೆಚ್ಚಗಾಗದೆ ಮೈದಾನಕ್ಕೆ ಇಳಿಯುವುದು ಇಪ್ಪತ್ತರ ಹುಡುಗರಿಗೆ ಸಲ್ಲಬಹುದು. ಜಾಗತಿಕ ಒಕ್ಕೂಟ ಮಹಿಳೆಯರನ್ನು 30ನೇ ವಯಸ್ಸಿಗೇ ‘ಮಾಸ್ಟರ್ಸ್’ ಎಂಬ ಹಿರಿಯರ ವಿಭಾಗಕ್ಕೆ ಸೇರಿಸಿಕೊಳ್ಳುತ್ತದೆ, ಗಂಡಸರನ್ನು 33ಕ್ಕೆ. ಈ ಸುದ್ದಿ ತಿಳಿದ ದಿನ ಮನೆಯಲ್ಲಿ ನಾನೊಬ್ಬಳೇ ಹಿಗ್ಗಿದೆ.

ಕೈಗೆ ಡಿಸ್ಕ್ ಹೇಗಿರುತ್ತದೆ ಎಂದು ರೇಡಿಯೊದಲ್ಲಿ ತೋರಿಸಲಾರೆ, ಹೇಳಬಲ್ಲೆ. ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿ ಡಿಸ್ಕಿನ ಅಡಿಯ ಅಂಚಿಗೆ ಒತ್ತಿ, ಹೆಬ್ಬೆರಳನ್ನು ಮೇಲಿಡಿ. ಅಂಗೈ ಆಕಾಶ ನೋಡಲಿ. ತೋಳನ್ನು ಮರೆತು ಮಣಿಕಟ್ಟನ್ನು ಮಾತ್ರ ಚಿಮ್ಮಿಸಿ, ಒದ್ದೆ ಕೈ ಕೊಡವಿದ ಹಾಗೆ. ಇದಕ್ಕೆ ಫ್ಲಿಕ್ ಎನ್ನುತ್ತಾರೆ. ಡಿಸ್ಕನ್ನು ಗಾಳಿಯಲ್ಲಿ ಮಟ್ಟವಾಗಿ ನಿಲ್ಲಿಸುವುದು ಅದರ ತಿರುಗುವಿಕೆ, ನಿಮ್ಮ ತೋಳಿನ ಬಲವಲ್ಲ. ಆದ್ದರಿಂದಲೇ ಮೊದಲ ವಾರ ಗಟ್ಟಿಮುಟ್ಟಾದ ಕ್ರಿಕೆಟಿಗರ ಎಸೆತ ತೂರಾಡಿ ಬೀಳುತ್ತದೆ, ಪಕ್ಕದಲ್ಲಿ ಸಪೂರ ಹುಡುಗಿಯ ಎಸೆತ ಮೂವತ್ತು ಮೀಟರ್ ನೇರ ಸಾಗುತ್ತದೆ.

ಬರುವ ಮನಸ್ಸಿದ್ದರೆ ಡಿಸ್ಕ್ ಕೊಳ್ಳುವ ಅವಸರ ಬೇಡ, ಮೈದಾನದಲ್ಲಿ ಯಾರ ಚೀಲದಲ್ಲಾದರೂ ಒಂದಿರುತ್ತದೆ. ಅಡಿಯಲ್ಲಿ ಮುಳ್ಳಿರುವ ಫುಟ್‌ಬಾಲ್ ಷೂ ಒಳ್ಳೆಯದು. ಬಿಳಿಯದೊಂದು, ಗಾಢ ಬಣ್ಣದ್ದೊಂದು ಅಂಗಿ ತನ್ನಿ. ತಂಡ ಹಂಚುವುದು ಅಲ್ಲಿಯೇ. ಮಗುವಿದ್ದರೆ ಕರೆತನ್ನಿ, ಚಾಪೆ ನಮ್ಮಲ್ಲಿದೆ. ನಮಸ್ಕಾರ.