ಬರೆದು ಕೊಡಿ, ಸರ್

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಹಾಜರಾತಿಗಾಗಿ ಬಂದು ಕೂತಿರುವ ಮಕ್ಕಳೇ,

ಆಹ್ವಾನ ಪತ್ರಿಕೆಯಲ್ಲಿ 'ಅಂತರ್ಜಾಲ ಸೆನ್ಸಾರ್‌ಶಿಪ್ ಮತ್ತು ವಿದ್ಯಾರ್ಥಿಗಳ ವಾಕ್ ಸ್ವಾತಂತ್ರ್ಯ' ಅಂತ ಹಾಕಿದ್ದಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ನಾನು ಒಂದು ಹಾಸ್ಟೆಲ್ಲಿನಿಂದ ಶುರು ಮಾಡುತ್ತೇನೆ.

ಮಂಗಳೂರಿನಿಂದ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಕಲ್ಲಿಕೋಟೆ. ಅಲ್ಲೇ ಹತ್ತಿರ ಚೇಳನ್ನೂರಿನಲ್ಲಿ ನಾರಾಯಣಗುರುಗಳ ಹೆಸರಿನ ಕಾಲೇಜು. ಕುದ್ರೋಳಿಯವರಾದ ನಮಗೆ ಗುರುಗಳ ಪರಿಚಯ ಬೇರೆ ಬೇಕಿಲ್ಲ. ವಿದ್ಯೆಯಿಂದ ಸ್ವತಂತ್ರರಾಗಿ ಅಂದವರು. ಅವರ ಹೆಸರಿನ ಕಾಲೇಜಿನ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಮೊದಲು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೊಬೈಲ್ ಮುಟ್ಟುವಂತಿರಲಿಲ್ಲ. 2019ರಲ್ಲಿ ಅದನ್ನು ಬದಲಿಸಿ ಸಂಜೆ ಆರರಿಂದ ಹತ್ತಕ್ಕೆ ಇಟ್ಟರು. ಯಾಕೆ? ಮಕ್ಕಳು ಓದಲಿ ಅಂತ. ಪಾಲಕರೇ ಕೇಳಿಕೊಂಡರು ಅಂತ. ಪಾಲಕರ ಹೆಸರು ಹೇಳಿದರೆ ನಮ್ಮಲ್ಲಿ ಯಾವ ನಿಯಮ ಬೇಕಾದರೂ ಪಾಸು, ನಾನೂ ವಾರ್ಡನ್ ಆಗಿದ್ದವನೇ, ಗೊತ್ತು.

ಬಿ.ಎ. ಓದುವ ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. ನನ್ನ ಪಾಠ ಫೋನಿನಲ್ಲೇ ಇದೆ, ಫೋನು ಕೊಟ್ಟು ಏನು ಓದಲಿ ಅಂದಳು. ಈಗ ಕೇಳಿ ತಮಾಷೆ. ನಿಯಮ ಪಾಲಿಸದವರು ಹಾಸ್ಟೆಲ್ ಬಿಡಬೇಕು ಅನ್ನುವ ಎಚ್ಚರಿಕೆ ಬಂದದ್ದು ಎಲ್ಲಿಂದ? ವಾಟ್ಸ್ಆ್ಯಪ್‌ನಲ್ಲಿ! ಫೋನ್ ಮುಟ್ಟಬೇಡ ಅನ್ನುವ ಆಜ್ಞೆ ಓದಲಿಕ್ಕೂ ಫೋನೇ ಬೇಕು ಮಾರಾಯ್ರೇ. ಆದರೆ ಆ ಸಂದೇಶವೇ ಅವಳ ಕೈಗೆ ಸಿಕ್ಕ ದಾಖಲೆ. ಬಾಯಲ್ಲಿ ಹೇಳಿ ಹೊರಗೆ ಹಾಕಿದ್ದರೆ ಕೋರ್ಟಿಗೆ ಏನು ತೋರಿಸುತ್ತಿದ್ದಳು?

ಹಾಸ್ಟೆಲ್ಲಿನಿಂದ ಹೊರಗೆ ಹಾಕಿಸಿಕೊಂಡ ಅವಳು ಕೇರಳ ಹೈಕೋರ್ಟಿಗೆ ಹೋದಳು. ಅಲ್ಲಿ ನ್ಯಾಯಮೂರ್ತಿ ಪಿ.ವಿ. ಆಶಾ ಅವರು ಅದೇ ವರ್ಷ ಸೆಪ್ಟೆಂಬರ್ 19ರಂದು ತೀರ್ಪು ಕೊಟ್ಟರು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನೊಳಗೂ ಇದೆ, 21ನೇ ವಿಧಿಯ ಖಾಸಗಿತನದೊಳಗೂ ಇದೆ, ಅವಳನ್ನು ಮತ್ತೆ ಹಾಸ್ಟೆಲ್ಲಿಗೆ ಸೇರಿಸಿಕೊಳ್ಳಿ ಅಂತ. ಓದುವುದು ಯಾವಾಗ ಅಂತ ವಯಸ್ಸಿಗೆ ಬಂದ ವಿದ್ಯಾರ್ಥಿ ತಾನೇ ತೀರ್ಮಾನಿಸಲಿ ಅನ್ನುವುದು ಅದರ ಧಾಟಿ.

ಇವತ್ತು ನಾನು ಹೇಳಲು ಬಂದದ್ದು ಇಷ್ಟೇ: ಬೇಡ ಅಂದವರನ್ನು 'ಬರೆದು ಕೊಡಿ' ಅಂತ ಕೇಳಿ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ವೈಫೈಯಲ್ಲಿ ಸ್ತನ ಕ್ಯಾನ್ಸರ್ ಅಂತ ಹುಡುಕಿದರೆ ಪುಟ ತೆರೆಯುತ್ತಿರಲಿಲ್ಲ. ಯಾರು ತಡೆದದ್ದು ಅಂದರೆ, 'ಸಾಫ್ಟ್‌ವೇರೇ ಹಾಗೆ ಸರ್' ಅಂದರು. ಪಾಪ, ಸಾಫ್ಟ್‌ವೇರು ಸಹಿ ಹಾಕುವುದಿಲ್ಲವಲ್ಲ.

2023ರ ಜನವರಿ ನೆನಪಿದೆಯಲ್ಲ? 2002ರ ಗುಜರಾತ್ ಗಲಭೆಯ ಬಗ್ಗೆ ಬಿಬಿಸಿ ಮಾಡಿದ ಸಾಕ್ಷ್ಯಚಿತ್ರದ ಕೊಂಡಿಗಳನ್ನು ತೆಗೆಯಲು ಯೂಟ್ಯೂಬ್, ಟ್ವಿಟರ್‌ಗಳಿಗೆ ಕೇಂದ್ರ ಸರ್ಕಾರದ ಆದೇಶ ಹೋಯಿತು. ಆದೇಶದ ಪ್ರತಿ ಜನರ ಕಣ್ಣಿಗೆ ಬೀಳಲಿಲ್ಲ. 24ರ ರಾತ್ರಿ ದೆಹಲಿಯ ವಿಶ್ವವಿದ್ಯಾಲಯವಾದ ಜೆಎನ್‌ಯುನಲ್ಲಿ ಪ್ರದರ್ಶನದ ಹೊತ್ತಿಗೇ ಕರೆಂಟ್ ಹೋಯಿತು. ಹುಡುಗರು ಕತ್ತಲಲ್ಲೇ ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಡಿದರು. ದೆಹಲಿ ವಿಶ್ವವಿದ್ಯಾಲಯ ಅದೇ ಚಿತ್ರದ ಪ್ರದರ್ಶನದ ವಿಚಾರಕ್ಕೆ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಒಂದು ವರ್ಷ ಪರೀಕ್ಷೆಯಿಂದ ಹೊರಗಿಟ್ಟಿತು. ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಚಿತ್ರ ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲ. ಅವನ ಮಾತು ಸರಿಯಾಗಿ ಕೇಳಿಲ್ಲ, ಆದೇಶದಲ್ಲಿ ಕಾರಣವೂ ಇಲ್ಲ ಅಂತ. ನೋಡಿದಿರಾ, ಮತ್ತೆ ಅಲ್ಲಿಗೇ ಬಂದೆ.

ಚೀಟಿ ಬಂತು. 'ಐದು ನಿಮಿಷ' ಅಂತಿದೆ, ಸಹಿ ಇಲ್ಲ. ಆದರೂ ಪಾಲಿಸುತ್ತೇನೆ.

ಟಿಪ್ಪಣಿಯಲ್ಲಿ ಇನ್ನೂ ನಾಲ್ಕು ಹಾಳೆ ಇದೆ, ಹಾರಿಸುತ್ತೇನೆ. 2015ರಲ್ಲಿ ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಾಲ್ ತೀರ್ಪು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು, ಅಂದರೆ ಅಂತರ್ಜಾಲದಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕುತ್ತಿದ್ದ ಕಲಮನ್ನು, ಕಿತ್ತುಹಾಕಿತು, ಅದು ನಿಮಗೆ ಗೊತ್ತು. ಆದರೆ ಅಂತರ್ಜಾಲದ ಪುಟಗಳನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ 69ಎ ಉಳಿಯಿತು. ತಡೆಯುವುದಾದರೆ ಕಾರಣ ಬರೆದಿಡಿ, ಅದನ್ನು ಪ್ರಶ್ನಿಸಿ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವವರಿಗೆ ಬೇಕಾಗುತ್ತದೆ ಅಂತ ಅದೇ ತೀರ್ಪಿನಲ್ಲಿದೆ. ಇತ್ತ ಆ 69ಎಗಾಗಿ ಮಾಡಿದ 2009ರ ನಿಯಮಾವಳಿಯ 16ನೇ ನಿಯಮ, ಎಲ್ಲವೂ ಗೋಪ್ಯ ಅನ್ನುತ್ತದೆ. ಬರೆದಿದ್ದಾರೆ, ತೋರಿಸುವುದಿಲ್ಲ! ಟ್ವಿಟರ್ ಇಂಥ ತಡೆ ಆದೇಶಗಳ ವಿರುದ್ಧ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದು, 2023ರ ಜೂನ್‌ನಲ್ಲಿ ಸೋತು, 50 ಲಕ್ಷ ದಂಡ ಹಾಕಿಸಿಕೊಂಡ ಕತೆಯನ್ನು ಚಹಾ ಕುಡಿಯುವಾಗ ಹೇಳುತ್ತೇನೆ. ಸರ್ಕಾರ ಇಂಟರ್ನೆಟ್ ವೇಗ ಇಳಿಸಿಟ್ಟಾಗ ಕಾಶ್ಮೀರದ ಹುಡುಗರು 2ಜಿಯಲ್ಲಿ ಆನ್‌ಲೈನ್ ಪಾಠ ಕೇಳಿದ್ದೂ ಬಾಕಿ ಉಳಿಯಿತು.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಅವರಿಗೆ ಮೈಕ್ ಕೊಡಿ.