ಕರಾವಳಿಯ ಸುರಂಗಗಳು: ಯುದ್ಧದ್ದು ಯಾವುದು, ನೀರಿನದ್ದು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಗಳಲ್ಲಿ ಗುಡ್ಡದ ಬದಿಯಲ್ಲೊಂದು ಕತ್ತಲೆಯ ಬಾಯಿ ಕಂಡರೆ ಸಾಕು, ಅದು ಟಿಪ್ಪುವಿನ ಕಾಲದ ಸುರಂಗ, ಯುದ್ಧದ ಹೊತ್ತಿಗೆ ಸೈನಿಕರು ಪಾರಾಗಲು ಕೊರೆದದ್ದು ಎಂದು ಹೇಳುವವರು ಸಿಗುತ್ತಾರೆ. ಕೆಲವು ಕಡೆ ಅದು ಶ್ರೀರಂಗಪಟ್ಟಣದವರೆಗೂ ಹೋಗುತ್ತದೆ ಎಂಬ ಮಾತಿದೆ. ಈ ಮಾತುಗಳ ಹಿಂದೆ ಊರಿನ ಮೇಲಿನ ಅಭಿಮಾನವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಯುದ್ಧಕ್ಕಾಗಿ ಕಟ್ಟಿದ್ದು ಯಾವುದು, ಬದುಕಿಗಾಗಿ ಅಗೆದದ್ದು ಯಾವುದು ಎಂಬುದನ್ನು ಸ್ಥಳವನ್ನು ನೋಡಿಯೇ ತಿಳಿಯಬಹುದು. ಹಾಗೆ ತಿಳಿಯದೆ ಹೋದರೆ ಎರಡಕ್ಕೂ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಜವಾಗಿ ಯುದ್ಧಕ್ಕೆ ಸೇರಿದ ಕಟ್ಟಡ ಮಂಗಳೂರು ನಗರದೊಳಗೇ, ಬೋಳೂರಿನಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲೆ ನಿಂತಿದೆ. ಅದು ಸುಲ್ತಾನ್ ಬತ್ತೇರಿ. 1783ರ ಮಾರ್ಚ್‌ನಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು, ಮೇ ತಿಂಗಳಲ್ಲಿ ಟಿಪ್ಪು ಸೈನ್ಯದೊಡನೆ ಬಂದು ಮುತ್ತಿಗೆ ಹಾಕಿದನು, ತಿಂಗಳುಗಟ್ಟಲೆ ಹಸಿವು, ರೋಗಗಳಲ್ಲಿ ಬೆಂದ ಕೋಟೆಯೊಳಗಿನ ಪಡೆ 1784ರ ಜನವರಿಯ ಕೊನೆಗೆ ಶರಣಾಯಿತು. ಅದೇ ವರ್ಷ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯಿತು. ಹಡಗುಗಳು ಅಳಿವೆಯ ಮೂಲಕ ನದಿಗೆ ನುಗ್ಗಬಲ್ಲವು ಎಂಬ ಪಾಠ ಆ ಯುದ್ಧದಿಂದ ದೊರೆತಿತ್ತು, ಬತ್ತೇರಿ ಅದಕ್ಕೆ ಕೊಟ್ಟ ಉತ್ತರ. 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿದ ಈ ಕಾವಲು ಬುರುಜು ಅಳತೆಯಲ್ಲಿ ಚಿಕ್ಕದು. ಮೆಟ್ಟಿಲು ಹತ್ತಿ ಮೇಲೆ ನಿಂತು ಗೋಡೆಯ ಕಿಂಡಿಗಳನ್ನು ಹತ್ತಿರದಿಂದ ನೋಡಬೇಕು. ಒಂದೊಂದು ಕಿಂಡಿಯೂ ನದಿಯ ಬೇರೆ ಬೇರೆ ಭಾಗವನ್ನು ಹಿಡಿಯುವಂತಿದೆ. ಒಂದರ ಮುಂದೆ ನಿಂತರೆ ತಣ್ಣೀರುಬಾವಿಗೆ ಹೋಗುವ ದೋಣಿ ಕಡವಿನಿಂದ ಹೊರಡುವುದು ಕಾಣುತ್ತದೆ, ಅದು ಆ ಕಿಂಡಿಯಿಂದ ಮರೆಯಾಗುವ ಹೊತ್ತಿಗೆ ಪಕ್ಕದ ಕಿಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಫಿರಂಗಿಯ ಗುರಿ ಎಂದರೇನೆಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಬುರುಜಿನ ಅಡಿಯಲ್ಲಿ ಒಂದು ನೆಲಮಾಳಿಗೆ ಇದೆ. ಸುರಂಗದ ಕತೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಅದು ಮದ್ದುಗುಂಡುಗಳ ಉಗ್ರಾಣ. ಕೋವಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲಿನ ಮಿಶ್ರಣ, ತೇವ ತಗುಲಿದರೆ ಅದು ಕೆಲಸಕ್ಕೆ ಬಾರದು, ಕಿಡಿ ತಗುಲಿದರೆ ಕಟ್ಟಡವೇ ಉಳಿಯದು. ಆದ್ದರಿಂದಲೇ ಅದನ್ನು ದಪ್ಪ ಕಲ್ಲಿನ ಗೋಡೆಯ ನಡುವೆ, ಶತ್ರುವಿನ ಗುಂಡು ತಾಗದ ಕೆಳಭಾಗದಲ್ಲಿ ಇಡುತ್ತಿದ್ದರು. ಅಲ್ಲಿಂದ ಘಟ್ಟದಾಚೆಗೆ ದಾರಿಯಿದೆ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು: ನದಿ ಕೆಲವೇ ಹೆಜ್ಜೆಗಳ ದೂರದಲ್ಲಿದೆ, ನೀರಿನ ಮಟ್ಟಕ್ಕಿಂತ ಕೆಳಗೆ ಯಾವ ದಿಕ್ಕಿಗೆ ಅಗೆದರೂ ಒರತೆ ನುಗ್ಗಿ ಬರುತ್ತದೆ. ಮದ್ದನ್ನು ಒಣಗಿಸಿಡಲು ಕಟ್ಟಿದ ಜಾಗದಿಂದ ಯಾರೂ ನೀರಿಗೆ ದಾರಿ ಮಾಡಿಕೊಡುವುದಿಲ್ಲ.

ಬೆಳ್ತಂಗಡಿಯ ಬಳಿ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಇದೇ ಯುದ್ಧಗಳ ಇನ್ನೊಂದು ಉಳಿಕೆ. ಗಡಾಯಿಕಲ್ಲಿನ ಬಂಡೆಯ ಕಡಿದಾದ ಮೈಯೇ ಅದರ ರಕ್ಷಣೆ, ಏರಲು ಇರುವುದು ಒಂದೇ ಇಕ್ಕಟ್ಟಾದ ದಾರಿ.

ಹಾಗಾದರೆ ಬಂಟ್ವಾಳದಿಂದ ಕಾಸರಗೋಡಿನವರೆಗೆ ಗುಡ್ಡಗಳಲ್ಲಿ ಕಾಣುವ ಆ ಉದ್ದನೆಯ ತೂತುಗಳೇನು? ಅವುಗಳಲ್ಲಿ ಬಹುಪಾಲು ನೀರಿನ ಸುರಂಗಗಳು. ಮುರಕಲ್ಲು ಎಂಬ ಕೆಂಪುಕಲ್ಲು ನೆಲದೊಳಗೆ ಇರುವಾಗ ಪಿಕಾಸಿಗೆ ಬಗ್ಗುತ್ತದೆ, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ. ಅದೇ ಗುಣದಿಂದ ನಮ್ಮಲ್ಲಿ ಅದು ಮನೆಯ ಗೋಡೆಯೂ ಆಯಿತು, ಬಾವಿಯೂ ಆಯಿತು, ಸುರಂಗವೂ ಆಯಿತು. ಅಡಿಕೆ ತೋಟದ ಮೇಲ್ಭಾಗದ ಗುಡ್ಡಕ್ಕೆ ಒಬ್ಬನೇ ಹಿಡಿಯುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತ ಹೋದರೆ ಎಲ್ಲೋ ಒಂದೆಡೆ ಒರತೆ ಸಿಗುತ್ತದೆ, ಹೊರಗಿನ ಕಡೆಗೆ ಕೊಟ್ಟ ಸಣ್ಣ ಇಳಿಜಾರಿನಲ್ಲಿ ಆ ನೀರು ಪಂಪಿಲ್ಲದೆ, ಸೇದುವ ಶ್ರಮವಿಲ್ಲದೆ ತಾನಾಗಿ ಕೆರೆಗೆ ಬಂದು ಬೀಳುತ್ತದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡದಲ್ಲಿ ಒಂದರ ಹಿಂದೊಂದು ಸುರಂಗ ತೋಡಿ, ನೀರು ಸಿಗದೆ ಹೋದರೂ ಬಿಡದೆ ಮತ್ತೆ ತೋಡಿ, ಕೊನೆಗೆ ತೋಟವನ್ನೇ ಎಬ್ಬಿಸಿದರು. ಹಗಲು ಪರರ ತೋಟದಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ದೀಪದ ಬೆಳಕಿನಲ್ಲಿ ಒಬ್ಬರೇ ಮಾಡಿದ ಈ ಕೆಲಸಕ್ಕೆ 2022ರಲ್ಲಿ ಪದ್ಮಶ್ರೀ ಸಂದಿತು. ಇಂಥ ದುಡಿಮೆಯ ಗುರುತನ್ನು ಅರಸನ ಹೆಸರಿಗೆ ಬರೆದುಬಿಡುವುದು ನನಗಂತೂ ಸರಿಯೆನಿಸುವುದಿಲ್ಲ.

ನೀರಿನ ಸುರಂಗವನ್ನು ಗುರುತಿಸುವುದು ಕಷ್ಟವಲ್ಲ. ನೆಲ ಹೊರಕ್ಕೆ ಇಳಿಜಾರಾಗಿರುತ್ತದೆ, ನಡುವೆ ನೀರು ಹರಿಯುವ ತೆಳ್ಳನೆಯ ಕಣಿಯಿದ್ದು ಬಾಯಿಯ ಮುಂದೆ ಮದಕವೋ (ನೀರು ನಿಲ್ಲಿಸುವ ಹೊಂಡ) ತೋಟವೋ ಇರುತ್ತದೆ. ಗೋಡೆಯ ಮೇಲೆ ಪಿಕಾಸಿಯ ಗೀರುಗಳು ಓರೆಯಾಗಿ, ಬಹುತೇಕ ಒಂದೇ ಎತ್ತರದಲ್ಲಿ ಸಾಲಾಗಿರುತ್ತವೆ, ಕೈ ಆಡಿಸಿದರೆ ಅಗೆದವನ ತೋಳು ಎಷ್ಟು ಎತ್ತರಕ್ಕೆ ಎತ್ತುತ್ತಿತ್ತು ಎಂಬುದೂ ಗೊತ್ತಾಗುತ್ತದೆ. ಕಟ್ಟಿದ ಕಲ್ಲಾಗಲಿ, ಬಾಗಿಲಿನ ಚೌಕಟ್ಟಾಗಲಿ ಅಲ್ಲಿ ಕಾಣುವುದಿಲ್ಲ. ಸೈನ್ಯದ ಉಗ್ರಾಣಕ್ಕೆ ಇವೆರಡೂ ಬೇಕೇ ಬೇಕು.

ಯುದ್ಧಕ್ಕಾಗಿ ಕಟ್ಟಿದ್ದೇ ಎಂಬ ಪ್ರಶ್ನೆಯನ್ನು ಗುಡ್ಡದ ಮೇಲಿನ ನಮ್ಮ ವಿಮಾನ ನಿಲ್ದಾಣದ ಬಗ್ಗೆಯೂ ಕೇಳಬಹುದು, ಅದರ ಕತೆ ಬೇರೆ. 1935ರಲ್ಲಿ ಆರಂಭವಾದ ಟಾಟಾದವರ ಮುಂಬಯಿ–ತಿರುವನಂತಪುರ ವಿಮಾನ ಗೋವಾದಲ್ಲಿ ಮತ್ತು ಕಣ್ಣೂರಿನಲ್ಲಿ ಇಳಿಯುತ್ತಿತ್ತು. ಎರಡನೆಯ ಮಹಾಯುದ್ಧ ಬಂದಾಗ ವಿಮಾನಗಳ ದೊಡ್ಡ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಅಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮುಂದೆ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಕೇಂದ್ರವಾಯಿತು. ಮಂಗಳೂರಿನ ಬಜ್ಪೆಯ ನಿಲ್ದಾಣ ತೆರೆದದ್ದು ಯುದ್ಧ ಮುಗಿದು ಆರು ವರ್ಷಗಳ ಮೇಲೆ, 1951ರ ಡಿಸೆಂಬರ್ 25ರಂದು, ಪ್ರಧಾನಿ ನೆಹರೂ ಡಕೋಟ ವಿಮಾನದಲ್ಲಿ ಬಂದಿಳಿದಾಗ. ಆದರೂ ಯುದ್ಧದ ನೆರಳು ಅಲ್ಲಿ ಇಲ್ಲದಿರಲಿಲ್ಲ. ಸೇನೆಯ ಸರಕು ಸಾಗಿಸಲು ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಮಾದರಿಯೇ ಡಕೋಟ, ಯುದ್ಧಾನಂತರ ಮಿಕ್ಕ ಅಂಥ ವಿಮಾನಗಳಿಂದಲೇ ನಮ್ಮ ದೇಶದ ಅನೇಕ ವಿಮಾನ ಕಂಪನಿಗಳು ಬೆಳೆದವು. ಬಜ್ಪೆಯ ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು, 2006ರಲ್ಲಿ ಬಳಕೆಗೆ ಬಂದ ಹೊಸದು 2,450 ಮೀಟರ್. ಕೆಳಗೆ ಸುರಂಗಕ್ಕೆ ಎಡೆಕೊಡುವ ಮುರಕಲ್ಲಿನ ಗುಡ್ಡವೇ ಮೇಲೆ ವಿಮಾನಕ್ಕೆ ಸಮತಟ್ಟು ನೆತ್ತಿಯನ್ನೂ ಕೊಟ್ಟಿತು.

ಇನ್ನು ನಮ್ಮ ಕಾಲದ್ದೇ ಒಂದು ಮಾತು. ಯುದ್ಧವೋ ಬಿಕ್ಕಟ್ಟೋ ಬಂದು ವಿದೇಶದ ತೈಲ ನಿಂತರೆ ದೇಶಕ್ಕೆ ಇರಲೆಂದು ಮಂಗಳೂರಿನ ಬಳಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಗಟ್ಟಿ ಬಂಡೆಯಲ್ಲಿ ಕೊರೆದಿದ್ದಾರೆ. ಗುಹೆಯ ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡವನ್ನು ತೈಲದ ಒತ್ತಡಕ್ಕಿಂತ ಹೆಚ್ಚಾಗಿ ಇಟ್ಟಿರುವುದರಿಂದ ತೈಲ ಹೊರಗೆ ಜಿನುಗುವುದಿಲ್ಲ. ಬತ್ತೇರಿಯ ನೆಲಮಾಳಿಗೆಯಲ್ಲಿ ನೀರು ಶತ್ರು, ಪಾದೂರಿನಲ್ಲಿ ಅದೇ ಕಾವಲುಗಾರ.

ನೋಡಲು ಹೊರಡುವವರಿಗೆ ಎರಡು ಎಚ್ಚರಿಕೆಗಳಿವೆ. ಮುರಕಲ್ಲಿನ ಅಡಿಯಲ್ಲಿ ಹಲವೆಡೆ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣಿನ ಪದರವಿದೆ, ಒದ್ದೆಯಾದಾಗ ಅದು ಬಲ ಕಳೆದುಕೊಂಡು ಕುಸಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ಯಾವ ಸುರಂಗದೊಳಗೂ ಕಾಲಿಡಬಾರದು. ಉದ್ದನೆಯ ಸುರಂಗದ ಕೊನೆಯಲ್ಲಿ ಉಸಿರಾಡಲು ಬೇಕಾದಷ್ಟು ಗಾಳಿಯೂ ಇರುವುದಿಲ್ಲ. ಬಾಯಿಯ ಬಳಿ ನಿಂತು ಅಗಲ, ಎತ್ತರ, ದಿಕ್ಕು, ನೀರಿನ ಹರಿವುಗಳನ್ನು ಬರೆದುಕೊಂಡು, ಫೋಟೊ ತೆಗೆದು, ಆ ಜಾಗದ ಹಿರಿಯರನ್ನು ಅದು ಯಾರ ಅಜ್ಜನ ಕಾಲದ್ದೆಂದು ಕೇಳಿದರೆ ಅಷ್ಟೇ ದೊಡ್ಡ ಕೆಲಸ. ರಸ್ತೆ ಅಗಲಿಸುವಾಗಲೋ ಮನೆಗೆ ಜಾಗ ಸಮ ಮಾಡುವಾಗಲೋ ಕಟ್ಟಿದ ಕಲ್ಲಿನ ಕೋಣೆ, ಹಳೆಯ ಗುಂಡು ಅಥವಾ ಮಡಕೆಯ ಚೂರು ಎದುರಾದರೆ ಜೆಸಿಬಿಯನ್ನು ಅಲ್ಲಿಗೇ ನಿಲ್ಲಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು, ಸಿಕ್ಕಿದ್ದನ್ನು ಸ್ಥಳದಿಂದ ಕದಲಿಸಬಾರದು.

ನಮಸ್ಕಾರ.