ಉತ್ತರ ಕೇಳಿದಾಗ ‘ಅಯ್ಯೋ, ಹೌದಲ್ವಾ’ ಅನ್ನಿಸಬೇಕು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ವಿಡಿಯೋ ಗೇಮ್ ಬಗ್ಗೆ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಮೊದಲು ಒಂದು ಒಗಟು. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು? ಹೌದು, ಮಲ್ಲಿಗೆ. ಮುಂದಿನ ಸಾಲಿನಲ್ಲಿ ಇಬ್ಬರು ಒಟ್ಟಿಗೇ ಹೇಳಿದರು. ಗೊತ್ತಿಲ್ಲದವರು ಈಗ ತಾನೇ ‘ಅಯ್ಯೋ, ಹೌದಲ್ವಾ’ ಅಂದುಕೊಂಡಿರುತ್ತೀರಿ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ‘ಹೌದಲ್ವಾ’ ಬಗ್ಗೆಯೇ. ನಮ್ಮಜ್ಜಿ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಒಗಟು ಹೇಳುತ್ತಿದ್ದರು. ನಾವು ಸೋತೆವು ಅಂತ ಒಪ್ಪಿಕೊಳ್ಳುವ ತನಕ ಉತ್ತರ ಬಾಯಿ ಬಿಡುತ್ತಿರಲಿಲ್ಲ. ಆದರೆ ಉತ್ತರ ಕೇಳಿದ ಮೇಲೆ ನಮ್ಮಲ್ಲಿ ಯಾರೂ ‘ಇದು ಮೋಸ’ ಅಂದಿದ್ದು ನೆನಪಿಲ್ಲ. ಯಾಕೆ ಅಂದರೆ ಉತ್ತರ ಹಿತ್ತಲಲ್ಲೋ ಅಡುಗೆಮನೆಯಲ್ಲೋ ಮೊದಲಿಂದ ಇದ್ದೇ ಇರುತ್ತಿತ್ತು. ನಾವು ನೋಡಿರಲಿಲ್ಲ, ಅಷ್ಟೆ.

ಕಥೆ ಮತ್ತು ಒಗಟು ಎರಡೂ ಇರುವ ಆಟಗಳನ್ನು, ಅಂದರೆ ಅಡ್ವೆಂಚರ್ ಗೇಮ್‌ಗಳನ್ನು, ನಾನು ಅಳೆಯುವುದು ಇದೇ ಅಳತೆಗೋಲಿನಿಂದ. ಆಟ ಕಷ್ಟವಾಗಿದೆ ಅನ್ನುವುದು ನನ್ನ ದೂರಲ್ಲ. ಆಟ ನ್ಯಾಯವಾಗಿದೆಯಾ ಅನ್ನುವುದು ನನ್ನ ಪ್ರಶ್ನೆ.

ಈ ಬಗೆಯ ಆಟಗಳು ಹುಟ್ಟಿದ್ದೇ ಒಂದು ನಿಜವಾದ ಗುಹೆಯಿಂದ. ವಿಲ್ ಕ್ರೌದರ್ ಅನ್ನುವ ಅಮೆರಿಕದ ಪ್ರೋಗ್ರಾಮರ್‌ಗೆ ಗುಹೆಗಳ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ಓಡಾಡಿ ನಕ್ಷೆ ಮಾಡಿದವರು. 1976ರ ಹೊತ್ತಿಗೆ ಅವರು ತಮ್ಮ ಹೆಣ್ಣುಮಕ್ಕಳಿಗೆ ಆಡಲು ಅಂತ ಒಂದು ಆಟ ಬರೆದರು. ಚಿತ್ರ ಇಲ್ಲ, ಬರೀ ಅಕ್ಷರ. ನೀವು ಎರಡು ಪದ ಟೈಪ್ ಮಾಡಿದರೆ ಅದು ಮುಂದಿನ ಜಾಗವನ್ನು ಬಣ್ಣಿಸುತ್ತದೆ. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಅದರ ಹೆಸರೇ ಅಡ್ವೆಂಚರ್. ಇಡೀ ಜಾತಿಗೆ ಆ ಹೆಸರು ಉಳಿಯಿತು.

ಈಗ ಒಂದು ಕೆಟ್ಟ ಒಗಟಿನ ಕಥೆ ಹೇಳುತ್ತೇನೆ. ಆಡಿದವರಿಗೆ ಈಗಲೂ ನೆನಪಿರುತ್ತದೆ. 1999ರ ಗೇಬ್ರಿಯಲ್ ನೈಟ್ 3. ನಾಯಕ ಫ್ರಾನ್ಸಿನ ಒಂದು ಹಳ್ಳಿಯಲ್ಲಿದ್ದಾನೆ, ಅವನಿಗೆ ಬಾಡಿಗೆಗೆ ಒಂದು ಮೋಟಾರ್ ಬೈಕ್ ಬೇಕು. ಅದನ್ನು ಅವನ ಗೆಳೆಯ ಮೋಸ್ಲಿ ಹೆಸರಿನಲ್ಲಿ ಕಾದಿರಿಸಿದ್ದಾರೆ. ಹಾಗಾಗಿ ಮೋಸ್ಲಿಯ ವೇಷ ಹಾಕಬೇಕು. ಏನು ಮಾಡಬೇಕು ಗೊತ್ತಾ? ಶೆಡ್ಡಿನ ಬಾಗಿಲಲ್ಲಿರುವ ತೂತಿಗೆ ಟೇಪ್ ಅಂಟಿಸಬೇಕು, ಒಂದು ಬೆಕ್ಕಿಗೆ ನೀರು ಚಿಮುಕಿಸಿ ಓಡಿಸಬೇಕು, ಅದು ಆ ತೂತಿನಲ್ಲಿ ನುಗ್ಗುವಾಗ ಟೇಪಿಗೆ ಕೂದಲು ಅಂಟುತ್ತದೆ, ಆ ಕೂದಲನ್ನು ಮೇಪಲ್ ಸಿರಪ್ ಸವರಿ ಮೂಗಿನ ಕೆಳಗೆ ಮೀಸೆ ಮಾಡಿಕೊಳ್ಳಬೇಕು. ಇಷ್ಟಾದ ಮೇಲೆ ಗೊತ್ತಾಗುವುದು ಏನೆಂದರೆ ಮೋಸ್ಲಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟ್ ತೆಗೆದುಕೊಂಡು ಅದರ ಫೋಟೋದ ಮೇಲೆ ಮಾರ್ಕರಿನಿಂದ ಮೀಸೆ ಬರೆಯಬೇಕು.

2000ದಲ್ಲಿ ಎರಿಕ್ ವೋಲ್ಪಾ ಅನ್ನುವ ಬರಹಗಾರ ಈ ಒಗಟನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿದರು. ಗುಂಡು ಹಾರಿಸುವ ಆಟಗಳು ಬಂದು ಅಡ್ವೆಂಚರ್ ಗೇಮ್ ಸತ್ತಿತು ಅಂತ ಎಲ್ಲರೂ ಹೇಳುತ್ತಿದ್ದ ಕಾಲ ಅದು. ಅವರು ಇಲ್ಲ, ಇದು ತಾನೇ ತನ್ನನ್ನು ಕೊಂದುಕೊಂಡಿತು ಅಂದರು. ಅವರ ಮಾತು ಪೂರ್ತಿ ನಿಜ ಅಂತ ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅದೇ ಆಟದಲ್ಲಿ ತುಂಬಾ ಒಳ್ಳೆಯ ಒಗಟುಗಳೂ ಇವೆ. ಆದರೆ ನೋವು ನಿಜ. ಆಡುವವರು ಅಲ್ಲಿ ಕಥೆಯ ಒಳಗೆ ನಿಂತು ಯೋಚಿಸುತ್ತಿಲ್ಲ. ಈ ಆಟ ಮಾಡಿದವರ ತಲೆಯಲ್ಲಿ ಏನಿತ್ತು ಅಂತ ಯೋಚಿಸುತ್ತಿದ್ದಾರೆ. ಆಗ ಕಥೆ ಮುಗಿಯಿತು. ಮುಂದೆ ಇದೇ ವೋಲ್ಪಾ 2007ರ ಪೋರ್ಟಲ್ ಆಟದ ಬರವಣಿಗೆಯಲ್ಲಿ ಕೈ ಹಾಕಿದರು. ಆ ಆಟ ಮೊದಲು ಒಂದು ನಿಯಮ ಕಲಿಸುತ್ತದೆ, ಆಮೇಲೆ ಅದರ ಮೇಲೆ ಪರೀಕ್ಷೆ ಇಡುತ್ತದೆ. ಟೀಕೆ ಮಾಡಿದವರೇ ಬಂದು ಕೆಲಸ ಮಾಡಿ ತೋರಿಸುವುದು ನನಗೆ ತುಂಬಾ ಇಷ್ಟ.

ಆದರೆ ಈ ದೂರು 2000ಕ್ಕಿಂತ ಹಳೆಯದು. ಇಂಥ ಆಟಗಳನ್ನು ಮಾಡುವ ರಾನ್ ಗಿಲ್ಬರ್ಟ್ ಅನ್ನುವವರು 1989ರಲ್ಲೇ ಒಂದು ಲೇಖನ ಬರೆದಿದ್ದರು, ಅಡ್ವೆಂಚರ್ ಗೇಮ್‌ಗಳು ಯಾಕೆ ಇಷ್ಟು ಕೆಟ್ಟದಾಗಿವೆ ಅಂತ. ಅದರಲ್ಲಿ ಒಂದು ಮಾತು ನನಗೆ ಬಹಳ ಮುಖ್ಯ. ಬೀಗ ಮೊದಲು ಕಾಣಬೇಕು, ಕೀಲಿ ಆಮೇಲೆ ಸಿಗಬೇಕು ಅನ್ನುತ್ತಾರೆ. ಕೀಲಿ ಮೊದಲೇ ಸಿಕ್ಕರೆ ನೀವು ಕಂಡದ್ದನ್ನೆಲ್ಲ ಸುಮ್ನೆ ಜೇಬಿಗೆ ಹಾಕಿಕೊಳ್ಳುತ್ತಾ ಹೋಗುತ್ತೀರಿ, ಯಾಕೆ ಅಂತ ನಿಮಗೇ ಗೊತ್ತಿರುವುದಿಲ್ಲ. ಹಿಂದೆ ಒಂದು ವಸ್ತು ಎತ್ತಿಕೊಳ್ಳುವುದು ಮರೆತದ್ದಕ್ಕೆ ಈಗ ದಾರಿ ಮುಚ್ಚಬಾರದು ಅಂತಲೂ ಹೇಳುತ್ತಾರೆ.

ಅವರ ಮಾತು ಎಷ್ಟು ಸರಿ ಅಂತ ತಿಳಿಯಲು ಮರುವರ್ಷ ಬಂದ ಸಿಯೆರಾ ಕಂಪನಿಯ ಕಿಂಗ್ಸ್ ಕ್ವೆಸ್ಟ್ 5 ನೋಡಿ. ಒಂದು ಬೀದಿಯಲ್ಲಿ ಬೆಕ್ಕು ಒಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೆಲವೇ ಕ್ಷಣ. ಆಗ ನೀವು ಹಳೇ ಬೂಟು ಎಸೆದು ಇಲಿಯನ್ನು ಉಳಿಸದಿದ್ದರೆ ಆಟ ಏನೂ ಹೇಳುವುದಿಲ್ಲ, ಹಾಗೇ ಮುಂದುವರಿಯುತ್ತದೆ. ಎಷ್ಟೋ ಹೊತ್ತಿನ ನಂತರ ನಿಮ್ಮನ್ನು ಒಂದು ನೆಲಮಾಳಿಗೆಯಲ್ಲಿ ಕಟ್ಟಿ ಹಾಕುತ್ತಾರೆ. ಹಗ್ಗ ಕಡಿಯಲು ಬರಬೇಕಾದ ಇಲಿ ಬರುವುದಿಲ್ಲ. ನೀವು ಗಂಟೆಗಟ್ಟಲೆ ಹಿಂದೆಯೇ ಸೋತಿದ್ದೀರಿ, ನಿಮಗೆ ಯಾರೂ ಹೇಳಿಲ್ಲ. ಉಪಕಾರ ಮಾಡಿದ ಪ್ರಾಣಿ ಕಷ್ಟದಲ್ಲಿ ಕೈ ಹಿಡಿಯುತ್ತದೆ ಅನ್ನುವುದು ಎಷ್ಟು ಚೆಂದದ ಕಥೆ ನೋಡಿ, ನಮ್ಮ ಅಜ್ಜಿ ಕಥೆಗಳಲ್ಲೂ ಇದೆ. ಆ ಕಥೆಯನ್ನು ಒಂದು ಬಲೆ ಮಾಡಿಬಿಟ್ಟರು. ಆಗ ಆಡುತ್ತಿದ್ದ ಹುಡುಗರು ದುಡ್ಡು ಕೂಡಿಸಿ ಆಟ ಕೊಂಡು, ಮತ್ತೆ ಸುಳಿವಿನ ಪುಸ್ತಕಕ್ಕೂ ದುಡ್ಡು ಕೊಡಬೇಕಾಗಿತ್ತು, ಅದನ್ನೂ ಕಂಪನಿಯೇ ಮಾರುತ್ತಿತ್ತು.

ಸುಳಿವು ಕೊಡುವುದರಲ್ಲೂ ಪ್ರೀತಿ ತೋರಿಸಬಹುದು, ಅದನ್ನೂ ಹೇಳಬೇಕು. ಇನ್ಫೋಕಾಮ್ ಕಂಪನಿಯ ಸುಳಿವಿನ ಪುಸ್ತಕಗಳನ್ನು ಕಾಣದ ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದರು. ಜೊತೆಗೆ ಒಂದು ಪೆನ್ನು. ಉಜ್ಜಿದರೆ ಒಂದೊಂದೇ ಸಾಲು ಮೇಲೆ ಬರುತ್ತದೆ. ಮೊದಲು ಚಿಕ್ಕ ಸುಳಿವು, ಆಮೇಲೆ ಸ್ವಲ್ಪ ದೊಡ್ಡದು, ಕೊನೆಗೆ ಪೂರ್ತಿ ಉತ್ತರ. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದರು, ‘ಮುಡಿಯೋದು ಕಣೋ’ ಅಂತ ಒಂದು ಮಾತು ಬಿಟ್ಟು ಸುಮ್ಮನಾಗುತ್ತಿದ್ದರು.

ಗಿಲ್ಬರ್ಟ್ ತಮ್ಮ ಮಾತನ್ನು 1990ರ ಮಂಕಿ ಐಲ್ಯಾಂಡ್‌ನಲ್ಲಿ ಮಾಡಿ ತೋರಿಸಿದರು. ಅಲ್ಲಿ ನಾಯಕ ಸಾಯುವುದು ಬಹಳ ಕಷ್ಟ, ನೀರಿನಡಿ ಹತ್ತು ನಿಮಿಷ ಉಸಿರು ಹಿಡಿಯಬಲ್ಲವನು ಅವನು. ಆದರೆ ಮರುವರ್ಷ ಅದರ ಎರಡನೇ ಭಾಗದಲ್ಲಿ ಅವರೇ ಒಂದು ತಪ್ಪು ಮಾಡಿದರು, ಆ ತಪ್ಪು ನಮಗೆ ಹತ್ತಿರದ್ದು. ಒಂದು ಪಂಪಿನ ನಟ್ಟು ತಿರುಗಿಸಬೇಕು. ಅದಕ್ಕೆ ಬೇಕಾಗಿರುವುದು ಒಂದು ಕೋತಿ. ಮರಗಟ್ಟಿದ ಹಾಗೆ ನಿಂತಿರುವ ಕೋತಿಯನ್ನು ಜೇಬಿಗೆ ಹಾಕಿಕೊಂಡು ಬಂದು ನಟ್ಟಿಗೆ ಸಿಕ್ಕಿಸಬೇಕು. ಯಾಕೆ? ಅಮೆರಿಕದಲ್ಲಿ ಆ ಉಪಕರಣಕ್ಕೆ ಮಂಕಿ ರೆಂಚ್ ಅಂತ ಹೆಸರು. ಅಷ್ಟೇ ಸುಳಿವು. ಬ್ರಿಟನ್ನಿನಲ್ಲಿ ಅದು ಸ್ಪ್ಯಾನರ್, ಹಾಗಾಗಿ ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರಿಗೂ ಅರ್ಥವಾಗದೆ ಹೋಯಿತು. ನಮ್ಮ ಗ್ಯಾರೇಜಿನಲ್ಲಿ ಪಾನಾ ಅನ್ನುತ್ತಾರೆ. ಪಾನಾಕ್ಕೂ ಕೋತಿಗೂ ಏನು ಸಂಬಂಧ ಹೇಳಿ? ನಾನು ಕನ್ನಡ ಮೀಡಿಯಂನಲ್ಲಿ ಓದಿದವನು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಈ ಆಟ ಆಡಿದವನು. ಆ ಪಂಪಿನ ಮುಂದೆ ಎರಡು ದಿನ ಕೂತಿದ್ದೆ. ನನಗೆ ಬುದ್ಧಿ ಸಾಲದು ಅಂದುಕೊಂಡೆ. ಬುದ್ಧಿಯ ಮಾತೇ ಅಲ್ಲ ಅದು, ಆ ಬಾಗಿಲು ಇದ್ದದ್ದೇ ಒಂದು ಊರಿನವರಿಗೆ ಅಂತ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಇದರ ಉಲ್ಟಾ ಅನುಭವ ನನಗೆ ಆದದ್ದು 2023ರಲ್ಲಿ. ವೆಣ್ಬಾ ಅಂತ ಆಟ. ಟೊರಾಂಟೋದ ವಿಸೈ ಗೇಮ್ಸ್ ಮಾಡಿದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ಒಂದು ತಮಿಳು ಕುಟುಂಬದ ಕಥೆ. ಅಮ್ಮನಿಂದ ಬಂದ ಅಡುಗೆ ಪುಸ್ತಕ ಹರಿದಿದೆ, ಅಲ್ಲಲ್ಲಿ ಅಕ್ಷರ ಅಳಿಸಿದೆ. ಉಳಿದದ್ದನ್ನು ನೀವು ಊಹಿಸಿ ಅಡುಗೆ ಮಾಡಬೇಕು. ಮೊದಲ ಒಗಟೇ ಇಡ್ಲಿ. ಒಂದು ತಟ್ಟೆಯ ಗುಳಿಯ ಮೇಲೆ ಇನ್ನೊಂದರ ಗುಳಿ ಬರದ ಹಾಗೆ ತಿರುಗಿಸಿ ಜೋಡಿಸಬೇಕು, ಹಬೆ ಎಲ್ಲ ಕಡೆ ಹೋಗಲಿ ಅಂತ. ನಮ್ಮಮ್ಮ ಹಿಂದೆ ನಿಂತು ನೋಡುತ್ತಿದ್ದವರು, ವಿಡಿಯೋ ಗೇಮ್ ಅಂದರೆ ಮೂತಿ ತಿರುಗಿಸುವವರು, ‘ಹಂಗಲ್ಲ ಕಣೋ, ಆ ಮೇಲಿನ ತಟ್ಟೆ ತಿರುಗಿಸು’ ಅಂದರು. ನನಗೆ ಗಂಟಲು ಕಟ್ಟಿತು. ನಮ್ಮಮ್ಮನಿಗೆ ಮೊದಲೇ ಗೊತ್ತಿದ್ದ ಉತ್ತರವೇ ಸರಿಯಾಗಿದ್ದ ಒಂದು ಆಟ, ನನ್ನ ಬದುಕಿನಲ್ಲಿ ಅದೇ ಮೊದಲು.

ವೆಣ್ಬಾ ತುಂಬಾ ಸುಲಭ, ಬೇಗ ಮುಗಿಯುತ್ತದೆ ಅಂತ ಕೆಲವರು ಹೇಳಿದರು. ಹೌದು, ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಾನು ಅದನ್ನು ದೋಷ ಅನ್ನುವುದಿಲ್ಲ. ಹರಿದ ಪುಟ ಇರುವುದರಿಂದಲೇ ಒಗಟು, ಪುಟ ಹರಿದಿರುವುದೇ ಕಥೆ. ಎರಡನ್ನೂ ಬಿಡಿಸಲು ಆಗುವುದಿಲ್ಲ. 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಅಕಾಡೆಮಿಯವರು ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟರು.

ಇನ್ನು ಒಗಟನ್ನೇ ತೆಗೆದುಹಾಕಿದವರ ಬಗ್ಗೆ. ಕಥೆಗೆ ಒಗಟು ಅಡ್ಡಿ ಅಂತ ಅನ್ನಿಸಿದಾಗ ಇದು ಸುಲಭದ ದಾರಿ. 2012ರಲ್ಲಿ ಟೆಲ್‌ಟೇಲ್ ಕಂಪನಿ ದಿ ವಾಕಿಂಗ್ ಡೆಡ್ ತಂದಿತು. ಅಲ್ಲಿ ನೀವು ಮಾಡುವುದು ಆಯ್ಕೆ. ಇಬ್ಬರು ಸಾವಿನ ಬಾಯಲ್ಲಿದ್ದಾರೆ, ಒಬ್ಬರನ್ನು ಮಾತ್ರ ಉಳಿಸಬಹುದು. ನೀವು ಯಾರನ್ನೇ ಉಳಿಸಿ, ಮೂರನೇ ಕಂತಿನಲ್ಲಿ ಅವರು ಸಾಯುತ್ತಾರೆ. ಆಡದವರು ಕ್ಷಮಿಸಿ, ಇದನ್ನು ಹೇಳದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಇದು ಸುಳ್ಳು ಆಯ್ಕೆ ಅಂತ ತುಂಬಾ ಜನ ಬೈದರು. ನಾನು ಕಥೆಯನ್ನು ಬೈಯುವುದಿಲ್ಲ, ಕೊಟ್ಟ ಮಾತನ್ನು ಬೈಯುತ್ತೇನೆ. ನೀವು ಆಡಿದಂತೆ ಕಥೆ ಬದಲಾಗುತ್ತದೆ ಅಂತ ಆಟ ಶುರುವಿನಲ್ಲೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಆ ಸಾಲು ಇಲ್ಲದಿದ್ದರೆ ಅದು ದೊಡ್ಡ ದುರಂತ ಕಥೆ. ಆ ಸಾಲು ಇರುವುದರಿಂದ ಮೋಸ ಹೋದ ಹಾಗೆ ಅನ್ನಿಸುತ್ತದೆ. ಆಮೇಲೆ ಅದೇ ಅಚ್ಚಿನಲ್ಲಿ ಆಟದ ಮೇಲೆ ಆಟ ತಂದರು, ಜನ ಆ ಅಚ್ಚನ್ನು ಗುರುತಿಸಿಬಿಟ್ಟರು. 2018ರಲ್ಲಿ ಕಂಪನಿ ತನ್ನ ಬಹುಪಾಲು ಕೆಲಸಗಾರರನ್ನು ಒಂದೇ ದಿನ ಮನೆಗೆ ಕಳಿಸಿತು.

2013ರ ಗಾನ್ ಹೋಮ್ ಅಂಥವನ್ನು ‘ಬರೀ ನಡೆಯುವ ಆಟ’ ಅಂತ ಹೀಗಳೆಯುವವರ ಜೊತೆ ನಾನಿಲ್ಲ. ಖಾಲಿ ಮನೆಯಲ್ಲಿ ಡ್ರಾಯರ್ ತೆಗೆದು ಚೀಟಿ ಓದುತ್ತಾ ತಂಗಿಗೆ ಏನಾಯಿತು ಅಂತ ಜೋಡಿಸುವುದೂ ಒಂದು ಒಗಟೇ. ಅದನ್ನು ಬಿಡಿಸಿದೆ ಅಂತ ಯಾರೂ ಬೆನ್ನು ತಟ್ಟುವುದಿಲ್ಲ, ಅಷ್ಟೆ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ಆಟಕ್ಕೆ ಬರುತ್ತೇನೆ. ರಿಟರ್ನ್ ಆಫ್ ದಿ ಒಬ್ರಾ ಡಿನ್, 2018. ಲ್ಯೂಕಸ್ ಪೋಪ್ ಅನ್ನುವ ಒಬ್ಬರು ಹೆಚ್ಚು ಕಡಿಮೆ ಒಬ್ಬರೇ ಮಾಡಿದ್ದು. 1802ರಲ್ಲಿ ಲಂಡನ್ನಿನಿಂದ ಪೂರ್ವ ದೇಶಗಳಿಗೆ ಹೊರಟ ಹಡಗು ಕಾಣೆಯಾಗುತ್ತದೆ. 1807ರಲ್ಲಿ ತಾನಾಗಿ ತೇಲಿ ಬರುತ್ತದೆ, ಒಬ್ಬರೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕ ನೋಡುವವರು. ಹಡಗಿನಲ್ಲಿದ್ದ 60 ಜನ ಯಾರು, ಏನಾದರು ಅಂತ ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲಿ ಒಂದು ಗಡಿಯಾರ. ಹೆಣದ ಬಳಿ ತೆಗೆದರೆ ಆ ಸಾವಿನ ಕ್ಷಣ ಕಲ್ಲಾಗಿ ನಿಂತ ಹಾಗೆ ಕಾಣುತ್ತದೆ.

ನಾನು ಇದನ್ನು ಅಕ್ಕನ ಮಗಳ ಜೊತೆ ಕೂತು ಆಡಿದೆ, ಅವಳಿಗೆ ಹದಿನಾಲ್ಕು. ಹೆಸರು ಗೊತ್ತಾಗದ ನಾವಿಕರು ಒಂದು ದೃಶ್ಯದಲ್ಲಿ ತೂಗುಹಾಸಿಗೆಯಲ್ಲಿ ಮಲಗಿರುತ್ತಾರೆ. ನಾನು ಮುಖಗಳನ್ನೇ ನೋಡುತ್ತಿದ್ದೆ. ಅವಳು ‘ಮಾಮ, ಆ ಹಾಸಿಗೆಗೆ ನಂಬರ್ ಇದೆ’ ಅಂದಳು. ಪುಸ್ತಕದ ಪಟ್ಟಿಯಲ್ಲೂ ಅದೇ ನಂಬರ್! ಆ ಪಟ್ಟಿ ಮೊದಲ ಹತ್ತು ನಿಮಿಷದಿಂದ ನಮ್ಮ ಕೈಯಲ್ಲೇ ಇತ್ತು. ಇಬ್ಬರೂ ಕೂಗಿದೆವು. ಹಸಿರು ಗಿಡದ ಮೇಲಿನ ಮೊಸರು ಅಂದರೆ ಇದೇ ನೋಡಿ. ಆ ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಇವರು ಯಾವ ಊರಿಂದ ಹೋಗಿರಬಹುದು ಮಾಮ ಅಂತ ಅವಳು ಕೇಳಿದಳು. ಆಟ ಅವರ ದೇಶ ಹೇಳುತ್ತದೆ, ಊರು ಹೇಳುವುದಿಲ್ಲ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಇಷ್ಟೇ ಜಾಗ ಅನ್ನುವುದು ಆ ಒಂದು ಕಾಲಮ್ಮಿನಿಂದ ಅವಳಿಗೆ ತಿಳಿಯಿತು.

ಇದಕ್ಕೂ ದೋಷ ಇದೆ. ಮೂವರ ಹೆಸರು, ಗತಿ ಎರಡೂ ಸರಿಯಾದಾಗ ಆಟ ‘ಸರಿ’ ಅನ್ನುತ್ತದೆ. ಸುಮ್ಮನೆ ಊಹೆ ಹೊಡೆಯದಿರಲಿ ಅಂತ ಆ ನಿಯಮ. ಆದರೆ ಎರಡು ಖಚಿತವಾಗಿ ಗೊತ್ತಿದ್ದರೆ ಮೂರನೆಯದಕ್ಕೆ ಪಟ್ಟಿಯಲ್ಲಿರುವ ಹೆಸರನ್ನೆಲ್ಲ ಒಂದೊಂದಾಗಿ ಹಾಕಿ ನೋಡಬಹುದು. ನಾವೂ ಕೊನೆಯ ಕೆಲವರನ್ನು ಹಾಗೇ ತುಂಬಿದೆವು. ಆ ಹೆಸರುಗಳು ಸರಿಯಾದಾಗ ಇಬ್ಬರಿಗೂ ಖುಷಿ ಆಗಲಿಲ್ಲ.

ಕೊನೆಯದಾಗಿ 2019ರ ಔಟರ್ ವೈಲ್ಡ್ಸ್. ಒಂದು ಪುಟ್ಟ ಸೌರಮಂಡಲ, 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮುಗಿಯುತ್ತದೆ, ಮತ್ತೆ ಮೊದಲಿಂದ ಶುರು. ನಿಮ್ಮ ಜೇಬಿನಲ್ಲಿ ಏನೂ ಉಳಿಯುವುದಿಲ್ಲ, ತಿಳಿದುಕೊಂಡದ್ದು ಮಾತ್ರ ಉಳಿಯುತ್ತದೆ. ಒಂದು ಗ್ರಹದ ಮರಳು ಪಕ್ಕದ ಗ್ರಹಕ್ಕೆ ಸುರಿಯುತ್ತಾ ಅಲ್ಲಿನ ಗುಹೆಗಳನ್ನು ಮುಚ್ಚುತ್ತದೆ. ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನುವುದೇ ಕೀಲಿ. ದಾರಿಯಲ್ಲಿ ಹೊತ್ತು ಹಾಳಾಗುತ್ತದೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾರಬೇಕು, ಬೇಜಾರಾಗುತ್ತದೆ ಅಂತ ದೂರುವವರಿದ್ದಾರೆ. ನನಗೂ ಆಗಿತ್ತು. ಆದರೆ ಅದನ್ನು ತೆಗೆದರೆ ಆ ಜಗತ್ತು ಗಡಿಯಾರದ ಹಾಗೆ ತನ್ನ ಪಾಡಿಗೆ ನಡೆಯುತ್ತಿದೆ ಅನ್ನುವ ಭಾವವೂ ಹೋಗುತ್ತದೆ. ನಿಜವಾದ ತೊಂದರೆ ಬೇರೆ. ಒಮ್ಮೆ ತಿಳಿದ ಮೇಲೆ ಅದನ್ನು ಮತ್ತೆ ಮೊದಲ ಸಲದ ಹಾಗೆ ಆಡಲು ಆಗುವುದಿಲ್ಲ.

ಹೋದ ತಿಂಗಳು ಅಕ್ಕನ ಮಗಳು ಅದನ್ನು ಶುರು ಮಾಡಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಅವಳು ಒಂದು ಗುಹೆಯ ಬಾಯಿಗೆ ಹೋಗುತ್ತಾಳೆ, ಮರಳು ತುಂಬಿರುತ್ತದೆ, ವಾಪಸ್ ಬರುತ್ತಾಳೆ. ಮತ್ತೆ ಹೋಗುತ್ತಾಳೆ. ನಾಲ್ಕು ಸಲ. ನನಗೆ ನಾಲಿಗೆ ತುದಿಯಲ್ಲಿತ್ತು. ‘ಮಾಮ, ಏನಾದರೂ ಹೇಳಿ’ ಅಂದಳು. ‘ಸೋತೆ ಅಂತ ಒಪ್ಕೋತೀಯಾ?’ ಅಂದೆ. ಇಲ್ಲ ಅಂದಳು. ಐದನೇ ಸಲ ಅವಳು ಮೊದಲೇ ಹೊರಟಳು.